ಕೆಂಚಮ್ಮನ ಮೂಗು

ಕೆಂಚಮ್ಮನ ಮೂಗು ಕೆಲಸ ನಿಲ್ಲಿಸಿ ನಾಲ್ಕು ವರ್ಷವಾಗಿತ್ತು. ನೋಡುವುದಕ್ಕೆ ಅದು ಮೊದಲಿನಂತೆಯೇ ಇತ್ತು. ಉದ್ದಕ್ಕೆ, ನೆಟ್ಟಗೆ, ಎಡಗಡೆಯ ಕೆಂಪು ಕಲ್ಲಿನ ಮೂಗುಬೊಟ್ಟಿನ ಸಮೇತ. ಕೊರೋನಾ ಎರಡನೇ ಸಲ ಬಂದಾಗ ಹದಿನಾಲ್ಕು ದಿನ ಮಲಗಿ ಎದ್ದವಳಿಗೆ ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಹೋದ ವಾಸನೆ ಮಾತ್ರ ಹಿಂದಿರುಗಿ ಬರಲಿಲ್ಲ. ಒಣಮೀನು ಸುಟ್ಟರೂ ಅಷ್ಟೆ, ಮಲ್ಲಿಗೆ ಮುಡಿದರೂ ಅಷ್ಟೆ. ಈ ಸಂಗತಿ ತನಗೂ ಕರ್ತನಿಗೂ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ ಎಂದು ಅವಳು ನಂಬಿಕೊಂಡಿದ್ದಳು.

ಬೇರೆ ಯಾರಿಗಾದರೂ ಹೀಗಾಗಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಂಡು ಹಗುರವಾಗುತ್ತಿದ್ದರು. ಕೆಂಚಮ್ಮ ಹೇಳುವಂತಿರಲಿಲ್ಲ. ಮಾದಾಪುರದಿಂದ ಮೂರು ಮೈಲಿ ಒಳಗೆ, ಕಾಫಿ ತೋಟದ ಅಂಚಿನ ದಿಬ್ಬದ ಮೇಲೆ ಒಂದು ಪುಟ್ಟ ಚರ್ಚಿದೆ. ಅಲ್ಲಿ ಶಿಲುಬೆಯ ಮರಣದ ನೆನಪಿಗೆ ಸಭೆಯವರೆಲ್ಲ ಒಂದೇ ಪಾತ್ರೆಯಿಂದ ಕುಡಿಯುವ ಕರ್ತನ ಭೋಜನಕ್ಕೆ ಬೇಕಾದ ದ್ರಾಕ್ಷಾರಸವನ್ನು ನಲವತ್ತೊಂದು ವರ್ಷದಿಂದ ಮಾಡಿಕೊಡುತ್ತಿದ್ದವಳು ಅವಳೇ. ಆ ಕೆಲಸ ನಿಂತಿದ್ದದ್ದು ಪೂರ್ತಿ ಮೂಗಿನ ಮೇಲೆ.

ಯಾಕೆಂದರೆ ಅದನ್ನು ಮೊದಲೇ ನಾಲಗೆಗೆ ತಾಗಿಸುವಂತಿರಲಿಲ್ಲ. ಹಾಗೆಂದು ಕಟ್ಟುನಿಟ್ಟು ಮಾಡಿದವರು ಆ ಕಾಲದ ಪಾದ್ರಿಗಳ ಹೆಂಡತಿ, ಸಭೆಯವರೆಲ್ಲ ಅಮ್ಮನೋರು ಎಂದು ಕರೆಯುತ್ತಿದ್ದ ಹೆಂಗಸು. ಕೆಂಚಮ್ಮನ ಗಂಡ ಸುಬ್ಬ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವಾಗ ಬಿದ್ದು ಸತ್ತಾಗ ಅವಳಿಗೆ ಇಪ್ಪತ್ತೊಂಬತ್ತು ವರ್ಷ, ಕಂಕುಳಲ್ಲಿ ಎರಡು ವರ್ಷದ ಆನಂದ್. ಅಮ್ಮನೋರು ದಿನಾ ಕೂಲಿಯವರ ಲೈನ್ ಮನೆಗೆ ಗಂಜಿ ತಂದು, ಒಂದು ಮಾತೂ ಆಡದೆ, ಅವಳು ಕುಡಿಯುವವರೆಗೆ ಎದುರಿಗೆ ಕೂತಿರುತ್ತಿದ್ದರು. ಆ ಋಣಕ್ಕೆ ಒಂದು ದಿನ ಅವರ ಹಿಂದೆ ಚರ್ಚಿಗೆ ಹೋದಳು. ಅದು ಶುಭ ಶುಕ್ರವಾರ. ಹಿಂದಿನ ಬೆಂಚಿನಲ್ಲಿ ಕೂತು, ಯಾರೋ ಒಬ್ಬ ತನಗಾಗಿ ಸತ್ತ ಎಂಬ ಮಾತನ್ನು ಕೇಳಿದಳು. ಸುಬ್ಬ ಸತ್ತದ್ದು ಕೂಲಿಗಾಗಿ. ತನಗಾಗಿ ಸತ್ತವನೊಬ್ಬನಿದ್ದಾನೆ ಎಂಬುದು ಅವಳಿಗೆ ಹೊಸ ಸುದ್ದಿ. ಅದನ್ನು ಕೇಳಿ ಅವಳು ಗಂಡ ಸತ್ತಾಗಲೂ ಅಳದಷ್ಟು ಅತ್ತಳು, ಮುಂದಿನ ವರ್ಷ ದೀಕ್ಷಾಸ್ನಾನ ತೆಗೆದುಕೊಂಡಳು. ಪಾದ್ರಿಗಳು ಎಸ್ತೇರಮ್ಮ ಎಂದು ಹೆಸರಿಟ್ಟರು. ಆ ಹೆಸರು ಚರ್ಚಿನ ಪುಸ್ತಕದಲ್ಲಿ ಭದ್ರವಾಗಿದೆ, ಅದರಿಂದ ಅವಳನ್ನು ಇವತ್ತಿನವರೆಗೆ ಒಬ್ಬರೂ ಕರೆದಿಲ್ಲ.

ದ್ರಾಕ್ಷಿ ಹಿಂಡುವುದನ್ನು ಅಮ್ಮನೋರೇ ಕಲಿಸಿದರು. ಜನವರಿಯಲ್ಲಿ ಸಂತೆಯಿಂದ ಬೀಜದ ಕರಿ ದ್ರಾಕ್ಷಿ ತರಬೇಕು. ತೊಳೆದು, ಬಟ್ಟೆಯಲ್ಲಿ ಒರೆಸಿ, ಕೈಯಲ್ಲೇ ಹಿಚುಕಿ, ಸಕ್ಕರೆ, ಒಂದು ಹಿಡಿ ಗೋಧಿ ಸೇರಿಸಿ ಭರಣಿಗೆ ಹಾಕಬೇಕು. ಇಪ್ಪತ್ತೊಂದು ದಿನ ದಿನಾ ಬೆಳಿಗ್ಗೆ ಮರದ ಸೌಟಿನಲ್ಲಿ ತಿರುವಬೇಕು. ಹಿಂಡುವಾಗ ಊರ ಸುದ್ದಿ ಆಡಕೂಡದು. ಪ್ರತಿ ಹಣ್ಣು ಕೈಯಲ್ಲಿ ಒಡೆಯುವಾಗಲೂ, ನಮಗಾಗಿ ಹಿಂಡಿಸಿಕೊಂಡವನನ್ನು ನೆನೆಯಬೇಕು. ಕರ್ತನ ಮೇಜಿಗೆ ಹೋಗುವ ಮುಂಚೆ ಅದು ಯಾರ ಬಾಯಿಗೂ ಹೋಗಬಾರದು. ಕೆಟ್ಟಿದೆಯೋ ಒಳ್ಳೆಯದಾಗಿದೆಯೋ ಎಂದು ಮೂಸಿಯೇ ತಿಳಿಯಬೇಕು. ಕೊನೆಗೆ, ಮಾಡಿದವಳು ಎಲ್ಲರೂ ಕುಡಿದ ಮೇಲೆ ಕಡೆಯವಳಾಗಿ ಕುಡಿಯಬೇಕು.

ಕೆಂಚಮ್ಮ ಇಷ್ಟನ್ನೂ ಒಂದು ಚೂರು ಆಚೀಚೆ ಮಾಡದೆ ನಡೆಸಿಕೊಂಡು ಬಂದಿದ್ದಳು. ಮೂಗು ಹೋದ ಮೇಲೂ ನಾಲ್ಕು ಶುಭ ಶುಕ್ರವಾರ ದಾಟಿಸಿದ್ದಳು. ಕೈಗೆ ಅಭ್ಯಾಸವಿತ್ತು, ಕಣ್ಣಿಗೆ ಬಣ್ಣ ಗೊತ್ತಿತ್ತು, ಉಳಿದದ್ದನ್ನು ಕರ್ತನು ನೋಡಿಕೊಳ್ಳುತ್ತಾನೆ ಎಂಬ ಭಂಡ ಧೈರ್ಯವೂ ಇತ್ತು. ಸೊಸೆ ಅನುಪಮಾ ಹಾಲು ಉಕ್ಕಿಸಿದರೆ, ಪಲ್ಯ ಸೀಯಿಸಿದರೆ, “ನಿಂಗೆ ಮೂಗು ಅಂತ ಒಂದು ಅದೆಯಾ ಇಲ್ವಾ ಕಣೆ?” ಎಂದು ಬಯ್ಯುವ ಹಳೇ ಚಾಳಿಯನ್ನೂ ಅವಳು ಬಿಟ್ಟಿರಲಿಲ್ಲ. ಬಿಟ್ಟರೆ ಅನುಮಾನ ಬಂದೀತು.

ಕರ್ತನೊಂದಿಗೆ ಅವಳ ಮಾತುಕತೆ ಬಹಳ ಸಲಿಗೆಯದು. ಅವನು ನಡೆಸುತ್ತಾನೆ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ತನಗೆ ಬೇಕಾದ ಕಡೆಗೆ ಮನಸ್ಸು ಎಳೆದರೆ ಅದನ್ನು ಕರ್ತನು ತೋರಿಸಿದ ದಾರಿ ಎನ್ನುತ್ತಿದ್ದಳು, ಬೇಡದ ಕಡೆಗೆ ಎಳೆದರೆ ವಯಸ್ಸಾಯಿತು, ಮಂಕು ಕವಿದಿದೆ ಎನ್ನುತ್ತಿದ್ದಳು. ಈ ಜನವರಿಯಲ್ಲಿ ದ್ರಾಕ್ಷಿ ಹಿಂಡುತ್ತಿದ್ದಾಗ, ಅನುಪಮಾ ಪಕ್ಕದಲ್ಲಿ ಕೂತು ಬಟ್ಟೆ ಹಿಡಿದುಕೊಂಡಿದ್ದಾಗ, ಒಳಗಿನಿಂದ ಸ್ಪಷ್ಟವಾಗಿ ಬಂತು: ಇವಳಿಗೆ ಹೇಳು. ಕೆಂಚಮ್ಮ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿದಳು.

ಹೊಸ ಪಾದ್ರಿಗಳು ಬಂದ ಮೇಲಂತೂ ಹೇಳುವ ಮಾತೇ ಇರಲಿಲ್ಲ. ಕ್ರಿಸ್ಮಸ್ ಕಳೆದ ಮೇಲೆ ಬಂದ ದೀಪಕ್ ಅಯ್ಯನವರು ಕೊಳ್ಳೇಗಾಲದ ಕಡೆಯವರು, ಮೂವತ್ತು ದಾಟಿರದ ಶಿಸ್ತಿನ ಮನುಷ್ಯ. ನಾಲ್ಕು ಊರಿನ ಸಭೆ ನೋಡಿಕೊಳ್ಳಬೇಕಾದ್ದರಿಂದ ಬೈಕಿನಲ್ಲಿ ತಿಂಗಳಿಗೆ ಎರಡು ಸಲ ಇಲ್ಲಿಗೆ ಬರುತ್ತಿದ್ದರು. ಈ ಚರ್ಚಿನಲ್ಲಿ ಕರ್ತನ ಭೋಜನ ವರ್ಷಕ್ಕೆ ನಾಲ್ಕೇ ಸಲ. ಶುಭ ಶುಕ್ರವಾರ, ಈಸ್ಟರ್, ಸುಗ್ಗಿ ಹಬ್ಬ, ಕ್ರಿಸ್ಮಸ್. ಹಾಗಾಗಿ ಅವರಿನ್ನೂ ಕೆಂಚಮ್ಮನ ದ್ರಾಕ್ಷಾರಸದ ರುಚಿ ನೋಡಿರಲಿಲ್ಲ. ಫೆಬ್ರವರಿಯಲ್ಲಿ ಒಂದು ದಿನ ಅವಳ ಮನೆಗೆ ಬಂದು, ಮೂಲೆಯ ಭರಣಿಯನ್ನು ನೋಡಿ, ಚಾ ಲೋಟವನ್ನು ಕೆಳಗಿಟ್ಟರು.

“ಕೆಂಚಮ್ಮ, ನೀವು ತಪ್ಪು ತಿಳಿಯಬಾರದು. ಮೈಸೂರಿನಲ್ಲಿ ಕರ್ತನ ಭೋಜನಕ್ಕೆ ಅಂತಲೇ ಸೀಲ್ ಮಾಡಿದ ಬಾಟ್ಲಿ ಸಿಗುತ್ತೆ. ನಾಲ್ಕೂ ಸಭೆಗೆ ಒಂದೇ ಥರ ಇರಲಿ ಅಂತ ನನ್ನ ಯೋಚನೆ. ನಿಮಗೂ ಎಪ್ಪತ್ತೆರಡಾಯ್ತು, ಈ ಕಷ್ಟ ಯಾಕೆ?”

“ಸೀಲ್ ಮಾಡಿದೋರು ಹಿಂಡೋವಾಗ ಯಾರನ್ನ ನೆನೆಸ್ಕೊಂಡಿದ್ರು ಅಂತ ನಿಮಗೆ ಗೊತ್ತುಂಟಾ ಅಯ್ನೋರೆ?” ಎಂದಳು ಕೆಂಚಮ್ಮ.

ದೇವಶಾಸ್ತ್ರದ ಕಾಲೇಜಿನಲ್ಲಿ ಅಯ್ಯನವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಕೊನೆಗೆ, “ಈ ಶುಭ ಶುಕ್ರವಾರ ನಿಮ್ಮದೇ ಆಗಲಿ. ನೋಡಿಕೊಂಡು ಅವತ್ತೇ ಒಂದು ತೀರ್ಮಾನ ಹೇಳ್ತೀನಿ” ಎಂದು ಎದ್ದುಹೋದರು. ಕೆಂಚಮ್ಮನಿಗೆ ಆವತ್ತಿನಿಂದ ಒಂದೇ ಹಟ. ಈ ಸಲದ ದ್ರಾಕ್ಷಾರಸ ಹೇಗಿರಬೇಕೆಂದರೆ, ಮೈಸೂರಿನ ಬಾಟ್ಲಿಯ ಹೆಸರನ್ನು ಇವರು ಇನ್ನೊಮ್ಮೆ ಎತ್ತಬಾರದು. ಈ ಕೆಲಸ ಹೋದರೆ ತನ್ನ ಕೈಗೆ ಉಳಿಯುವುದೇನು? ಕಾಫಿ ಕೊಯ್ಯಲು ಬೆನ್ನು ಬಾಗುವುದಿಲ್ಲ, ಓದಲು ಅಕ್ಷರ ಬರುವುದಿಲ್ಲ. ಕರ್ತನನ್ನು ನೆನೆಯಲು ಅವಳಿಗೆ ಗೊತ್ತಿದ್ದದ್ದು ಈ ಒಂದೇ ರೀತಿ.

ಇಲ್ಲಿ ಇನ್ನೊಂದು ಬಾಟ್ಲಿಯ ವಿಷಯ ಹೇಳಬೇಕು. ಈಸ್ಟರ್ ಮಧ್ಯಾಹ್ನ ಸಭೆಯವರೆಲ್ಲ ಚರ್ಚಿನ ಅಂಗಳದಲ್ಲಿ ಒಟ್ಟಿಗೆ ಊಟ ಮಾಡುತ್ತಾರೆ. ಊಟಕ್ಕೆ ಹಂದಿ ಸಾರು, ಸಾರಿಗೆ ಕಾಚಂಪುಳಿ. ಕೊಡಗಿನಲ್ಲಿ ಅದಿಲ್ಲದೆ ಹಂದಿ ಬೇಯುವುದಿಲ್ಲ. ಮಳೆಗಾಲದಲ್ಲಿ ಮರದಡಿ ಬಿದ್ದ ಪಣಪುಳಿ ಹಣ್ಣನ್ನು ಬುಟ್ಟಿಯಲ್ಲಿ ಕೊಳೆಸಿ, ತೊಟ್ಟಿಕ್ಕಿದ ರಸವನ್ನು ಕಪ್ಪಾಗುವವರೆಗೆ ಕಾಯಿಸಿದರೆ ಆಗುವ ಹುಳಿ ಅದು. ಸಾರಿಗೆ ಒಂದು ಚಮಚ ಹೆಚ್ಚಾದರೂ ಉಣ್ಣುವವನ ಹಲ್ಲು ಎರಡು ದಿನ ಅನ್ನ ಅಗಿಯುವುದಿಲ್ಲ. ಅದನ್ನೂ ಸಭೆಗೆ ಮಾಡಿಕೊಡುತ್ತಿದ್ದವಳು ಕೆಂಚಮ್ಮನೇ. ಕಳೆದ ಮಳೆಗಾಲದಲ್ಲಿ ಸೌದೆ ಒದ್ದೆಯಾಗಿ ಕಾದದ್ದು ಸಾಲದೆ, ಕಾಚಂಪುಳಿ ಗಟ್ಟಿಯಾಗದೆ ತೆಳ್ಳಗೇ ಉಳಿದಿತ್ತು. ಅದಕ್ಕೂ ಅವಳು ಸೌದೆ ತಂದ ಮಗ ಆನಂದನನ್ನೇ ಬೈದಿದ್ದಳು.

ಎರಡನ್ನೂ ತುಂಬಿಟ್ಟಿದ್ದು ಒಂದೇ ಥರದ ಬಾಟ್ಲಿಗಳಲ್ಲಿ, ತೋಟದ ಬಂಗಲೆಯವರು ಖಾಲಿ ಮಾಡಿ ಎಸೆದ ದಪ್ಪ ಗಾಜಿನ ಹಸಿರು ಬಾಟ್ಲಿಗಳು. ಗುರುತು ಹಾಕುವ ಅಭ್ಯಾಸ ಆ ಮನೆಯಲ್ಲಿ ಇರಲಿಲ್ಲ. ಬಿರಡೆ ತೆಗೆದರೆ ಮೂಗೇ ಹೇಳುತ್ತಿತ್ತಲ್ಲ. ಮೂಗು ಹೋದ ಮೇಲೆ ಕೆಂಚಮ್ಮ ಜಾಗ ನೆನಪಿಟ್ಟುಕೊಂಡಳು. ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಬಲಗಡೆ ದ್ರಾಕ್ಷಾರಸ, ಎಡಗಡೆ ಕಾಚಂಪುಳಿ. ಇದೂ ಅವಳಿಗೊಬ್ಬಳಿಗೇ ಗೊತ್ತು.

ಶುಭ ಶುಕ್ರವಾರದ ಬೆಳಿಗ್ಗೆ ಅವಳು ಬೇಗ ಎದ್ದು ಮಿಂದು ಬಿಳಿ ಸೀರೆ ಉಟ್ಟಳು. ಕಾಫಿ ಗಿಡ ಅರಳಿಸುವ ಹೂಮಳೆ ಬಿದ್ದು ಎಂಟನೆಯ ದಿನ. ತೋಟದ ತುಂಬ ಕಾಫಿ ಹೂವು ಬಿರಿದು ಗಿಡಗಳೆಲ್ಲ ಬೆಳ್ಳಗಾಗಿದ್ದವು. ದಾರಿಯಲ್ಲಿ ಹೋಗುವವರು ನಿಂತು ಉಸಿರೆಳೆದುಕೊಂಡು ಹೋಗುತ್ತಿದ್ದರು. ಕೆಂಚಮ್ಮ ಬಾಗಿಲಲ್ಲಿ ನಿಂತು ತಾನೂ ಉಸಿರೆಳೆದಳು. ಬರಿಯ ತಣ್ಣನೆಯ ಗಾಳಿ ಒಳಗೆ ಹೋಗಿ ಹೊರಗೆ ಬಂತು. ವರ್ಷದಲ್ಲಿ ಈ ಒಂದು ವಾರ ಅವಳಿಗೆ ತುಂಬ ದುಃಖವಾಗುತ್ತಿತ್ತು.

ಒಳಗೆ ಬಂದು ಹಲಗೆಗೆ ಕೈಚಾಚಿ ಬಲಗಡೆಯ ಬಾಟ್ಲಿ ಇಳಿಸಿದಳು. ಅನುಪಮಾ ಒಲೆಯ ಮುಂದೆ ಉಪ್ಪು ಗಂಜಿ ತಿರುವುತ್ತಿದ್ದಳು. ಮಾದಾಪುರದ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹುಡುಗಿ, ಮಾತು ಕಡಿಮೆ.

“ಅತ್ತೆ, ಒಂದ್ಸಲ ಮೂಸಿ ನೋಡಿದ್ರಾ?” ಎಂದಳು.

ಮತ್ತೆ ಅದೇ ಒಳಗಿನಿಂದ ಬಂತು. ಇವಳಿಗೆ ಹೇಳು. ಈ ಸಲ ಅದು ವಯಸ್ಸಲ್ಲ ಎಂಬುದು ಕೆಂಚಮ್ಮನಿಗೂ ಗೊತ್ತಾಯಿತು. ಗೊತ್ತಾದದ್ದರಿಂದಲೇ ಸಿಟ್ಟು ಬಂತು.

“ನಲವತ್ತೊಂದು ವರ್ಷದಿಂದ ಮೂಸ್ತಾ ಇದೀನಿ. ನೀನು ನಂಗೆ ಹೇಳ್ಕೊಡ್ತೀಯಾ?”

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಿರಡೆ ಕಿತ್ತು, ಬಾಟ್ಲಿಯ ಬಾಯಿಯನ್ನು ಮೂಗಿನ ಕೆಳಗೆ ಹಿಡಿದು, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದಳು. “ಈ ವರ್ಷದ್ದು ಭಾರಿ ಚೆನ್ನಾಗಿ ಬಂದದೆ” ಎಂದಳು. ಅನುಪಮಾ ಕೈ ಒರೆಸಿಕೊಂಡು, “ನಂಗೂ ಕೊಡಿ ನೋಡೋಣ” ಎಂದು ಹತ್ತಿರ ಬರುವಷ್ಟರಲ್ಲಿ ಬಿರಡೆ ಮತ್ತೆ ಕೂತಿತ್ತು. ಬಾಟ್ಲಿ ಬಿಳಿ ಬಟ್ಟೆಯೊಳಗೆ ಹೋಗಿತ್ತು.

ಚರ್ಚಿನಲ್ಲಿ ಆವತ್ತು ಗಂಟೆ ಬಾರಿಸುವುದಿಲ್ಲ. ಶಿಲುಬೆಗೆ ಕಪ್ಪು ಬಟ್ಟೆ ಹೊದಿಸಿದ್ದರು. ಹನ್ನೆರಡಕ್ಕೆ ಆರಾಧನೆ ಶುರುವಾಯಿತು. ಕರ್ತನು ಶಿಲುಬೆಯ ಮೇಲಿಂದ ಆಡಿದ ಏಳು ಮಾತುಗಳ ಮೇಲೆ ಏಳು ಜನ ಮಾತಾಡಬೇಕು. ಐದನೆಯದು ಎಂದಿನಂತೆ ಅಪ್ಪಯ್ಯನ ಪಾಲಿಗೆ ಬಂದಿತ್ತು. ಸಭೆಯ ಹಿರಿಯ, ತೋಟದಲ್ಲಿ ಮೂವತ್ತು ವರ್ಷ ರೈಟರ್ ಆಗಿ ಆಳುಗಳ ಹಾಜರಿ ಕೂಗಿದವರು. ದೇವರ ವಾಕ್ಯವನ್ನೂ ಅದೇ ದನಿಯಲ್ಲಿ ಹೇಳುತ್ತಿದ್ದರು.

“ಅವನಿಗೆ ದಾಹ ಆಯ್ತು. ಬೆಳಗ್ಗಿನಿಂದ ಬಿಸಿಲಲ್ಲಿ ನೇತಾಡ್ತಿದ್ದವನು ಕುಡಿಯೋಕೆ ಕೇಳಿದ. ನಮ್ಮ ತೋಟದಲ್ಲಿ ಆಳು ನೀರು ಕೇಳಿದ್ರೆ ಕೊಡ್ತೀವಿ. ಅವನಿಗೆ ನೀರು ಕೊಡ್ಲಿಲ್ಲ. ಹುಳಿ ಕೊಟ್ರು. ಅವನು ಬೇಡ ಅನ್ನಲಿಲ್ಲ, ತಗೊಂಡ” ಎಂದು ಹೇಳಿ ಅಪ್ಪಯ್ಯ ಕೂತುಬಿಟ್ಟರು. ಎಲ್ಲರಿಗಿಂತ ಚಿಕ್ಕ ಪ್ರಸಂಗ ಅವರದ್ದೇ. ಕೆಂಚಮ್ಮ ಅದನ್ನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವಳ ಮನಸ್ಸು ಮಡಿಲಲ್ಲಿದ್ದ ಬಾಟ್ಲಿಯ ಮೇಲಿತ್ತು.

ಎರಡೂವರೆಗೆ ಅವಳು ಎದ್ದು, ಬಟ್ಟೆ ಬಿಚ್ಚಿ, ಬಾಟ್ಲಿಯನ್ನು ಮೇಜಿನ ಮೇಲಿಟ್ಟು ಬಂದಳು. ದೀಪಕ್ ಅಯ್ಯನವರು ರೊಟ್ಟಿಯ ಪಕ್ಕದಲ್ಲಿದ್ದ ಬೆಳ್ಳಿಯ ಪಾತ್ರೆಗೆ ಅದನ್ನು ಬಗ್ಗಿಸಿದರು, ವಾಡಿಕೆಯಂತೆ ಒಂದಿಷ್ಟು ನೀರು ಸೇರಿಸಿದರು. ಬಗ್ಗಿಸುವಾಗ ಅವರ ಮುಖ ಒಂದು ಚೂರು ಹಿಂದಕ್ಕೆ ಸರಿದದ್ದನ್ನು ಕೆಂಚಮ್ಮ ನೋಡಿದಳು. ಸೀಲ್ ಬಾಟ್ಲಿಯ ಸಪ್ಪೆ ರಸ ಕುಡಿದು ಬೆಳೆದವರು, ಕಸುವಿನ ವಾಸನೆಗೆ ಹೆದರಿದರು ಎಂದುಕೊಂಡಳು. ಪ್ರಾರ್ಥನೆ ಮುಗಿಯಿತು. ಅಯ್ಯನವರು ಮೊದಲು ಕುಡಿದರು. ಕುಡಿದವರು ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತರು. ಮತ್ತೆ ಕಣ್ಣು ತೆರೆದಾಗ ಅವು ಒದ್ದೆಯಾಗಿದ್ದವು.

ಅಪ್ಪಯ್ಯ ಮಂಡಿಯೂರಿದರು. ಪಾತ್ರೆ ತುಟಿಗೆ ತಾಗಿದ್ದೇ ಅವರ ಹೆಗಲು ಒಮ್ಮೆ ನಡುಗಿತು. ನುಂಗಿದರು. ತಲೆ ಎತ್ತಿ ಅಯ್ಯನವರನ್ನು ನೋಡಿದರು, ಏನೋ ಹೇಳುವವರಂತೆ ಬಾಯಿ ತೆರೆದರು, ಹೇಳದೆ ತಲೆ ಬಗ್ಗಿಸಿ ಎದ್ದು ಬಂದರು. ಆಮೇಲೆ ಲೈನ್ ಮನೆಯ ಹೆಂಗಸು ಚಿನ್ನ, ಅವಳ ಹಿಂದೆ ಒಬ್ಬೊಬ್ಬರೇ. ಎಲ್ಲರ ಮುಖವೂ ಹಿಂಡಿ ಬಿಟ್ಟ ಹಾಗಾಗುತ್ತಿತ್ತು, ಎಲ್ಲರ ಕಣ್ಣಲ್ಲೂ ನೀರು. ಆನಂದ್ ಕುಡಿದು ಬಂದವನು ಬೆಂಚಿನ ಅಂಚನ್ನು ಹಿಡಿದುಕೊಂಡು ಕೂತ. ಕೆಂಚಮ್ಮನ ಎದೆ ತುಂಬಿ ಬಂತು. ಸಭೆ ಇಷ್ಟೊಂದು ಕರಗಿದ್ದನ್ನು ಅವಳು ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನೋಡಿದೆಯಾ ಸ್ವಾಮಿ, ಮೂಗು ಇಲ್ಲದಿದ್ದರೂ ನನ್ನ ಕೈ ಹೇಗಿದೆ ಎಂದು ಒಳಗೊಳಗೇ ಹೇಳಿಕೊಂಡಳು. ಅನುಪಮಾ ಕುಡಿದು ಎದ್ದು ಬರುವಾಗ ಮಾತ್ರ ನೆಟ್ಟ ನೋಟದಲ್ಲಿ ಅತ್ತೆಯನ್ನೇ ನೋಡಿದಳು. ಆ ನೋಟ ಕೆಂಚಮ್ಮನಿಗೆ ಅರ್ಥವಾಗಲಿಲ್ಲ.

ಮೂವತ್ತೆರಡು ಜನ ಮುಗಿದ ಮೇಲೆ ಕಡೆಯವಳಾಗಿ ಅವಳು ಹೋಗಿ ಮಂಡಿಯೂರಿದಳು. ಪಾತ್ರೆ ತುಟಿಗೆ ಬಂತು. ವಾಸನೆಯೇನೂ ಇಲ್ಲ. ಒಂದು ಗುಟುಕು ಒಳಗೆ ಹೋಯಿತು.

ಮೂಗು ಸತ್ತಿದ್ದರೂ ಹಲ್ಲು ಸತ್ತಿರಲಿಲ್ಲ. ಉಳಿದಿದ್ದ ಒಂಬತ್ತೂ ಹಲ್ಲು ಒಟ್ಟಿಗೆ ಜುಮ್ಮೆಂದವು, ದವಡೆ ಕಟ್ಟಿತು, ಗಂಟಲು ಉರಿಯುತ್ತ ಹೋಯಿತು. ಕೊಡಗಿನಲ್ಲಿ ಎಪ್ಪತ್ತೆರಡು ವರ್ಷ ಬಾಳಿದವಳಿಗೆ ಅದು ಏನೆಂದು ಯಾರೂ ಹೇಳಬೇಕಾಗಿರಲಿಲ್ಲ. ಈಸ್ಟರಿನ ಹಂದಿ ಸಾರಿಗೆ ಇಟ್ಟಿದ್ದ ಕಾಚಂಪುಳಿ. ಅದನ್ನು ಕರ್ತನ ಮೇಜಿಗೆ ತಂದಿದ್ದಳು, ಮೂವತ್ತೆರಡು ಜನರ ಬಾಯಿಗೆ ಹಾಕಿಸಿದ್ದಳು, ಅವರ ಕಣ್ಣೀರನ್ನು ನೋಡಿ ಬೀಗಿದ್ದಳು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು. ಹೇಗೋ ಎದ್ದು ಬೆಂಚಿಗೆ ಬಂದಳು.

ಯಾರೂ ಅವಳ ಕಡೆ ತಿರುಗಲಿಲ್ಲ. ಚಿನ್ನ ನೆಲ ನೋಡುತ್ತಿದ್ದಳು. ಅಪ್ಪಯ್ಯ ಹಾಡಿನ ಪುಸ್ತಕದ ಪುಟ ಮಗುಚುತ್ತಿದ್ದರು. ಎಲ್ಲರಿಗೂ ಗೊತ್ತಿದೆ ಎಂಬುದು ಕೆಂಚಮ್ಮನಿಗೆ ಆಗ ಹೊಳೆಯಿತು. ಮೊದಲ ಗುಟುಕಿನಿಂದಲೇ ಗೊತ್ತಿತ್ತು. ಒಬ್ಬರೂ ಉಗುಳಿರಲಿಲ್ಲ, ಒಬ್ಬರೂ ಪಿಸುಗುಟ್ಟಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ಹೋಗಿ, ತಿಳಿದೂ ತಿಳಿದೂ ಕುಡಿದು ಬಂದಿದ್ದರು, ಅವಳ ಮಾನ ಉಳಿಸಲಿಕ್ಕಾಗಿ.

ಗೊತ್ತಿಲ್ಲದವರು ಒಬ್ಬರೇ. ಆಶೀರ್ವಾದಕ್ಕೆ ಮುಂಚೆ ದೀಪಕ್ ಅಯ್ಯನವರು ಮುಂದೆ ಬಂದು ನಿಂತರು. ಅವರ ದನಿ ಇನ್ನೂ ಸರಿಯಾಗಿ ಏಳುತ್ತಿರಲಿಲ್ಲ.

“ನಾನೊಂದು ಮಾತು ಹೇಳಬೇಕು. ಇಲ್ಲಿಗೆ ಸೀಲ್ ಮಾಡಿದ ಬಾಟ್ಲಿ ತರಿಸೋ ಯೋಚನೆ ಮಾಡಿದ್ದೆ. ಇಷ್ಟು ವರ್ಷ ನಾನು ಕರ್ತನ ಮೇಜಿನಲ್ಲಿ ಕುಡಿದದ್ದೆಲ್ಲ ಸಿಹಿ. ಕರ್ತನ ಮರಣ ನೆನೆಸಿಕೊಳ್ಳಿ ಅಂತ ಬಾಯಲ್ಲಿ ಹೇಳ್ತಿದ್ದೆ, ನಾಲಗೆ ಮಾತ್ರ ಸಿಹಿ ಚಪ್ಪರಿಸ್ತಿತ್ತು. ಇವತ್ತು ಕರ್ತನ ನೋವು ನನ್ನ ಗಂಟಲಲ್ಲಿ ಇಳೀತು. ಕೆಂಚಮ್ಮ ಇರೋವರೆಗೆ ಈ ಸಭೆಗೆ ಅವರ ಕೈಯ ದ್ರಾಕ್ಷಾರಸವೇ. ಮೈಸೂರಿನ ಮಾತು ಇವತ್ತಿಗೆ ಮುಗೀತು.”

ಕೆಂಚಮ್ಮ ಬೇಡಿಕೊಂಡದ್ದು ಅಕ್ಷರಕ್ಕೆ ಅಕ್ಷರ ಸಿಕ್ಕಿತ್ತು. ಸುಮ್ಮನೆ ಕೂತಿದ್ದರೆ ಸಾಕು. ಅಯ್ಯನವರು ಕೈಯೆತ್ತಿ ಆಶೀರ್ವದಿಸುತ್ತಾರೆ, ಶುಭ ಶುಕ್ರವಾರದ ಪದ್ಧತಿಯಂತೆ ಎಲ್ಲರೂ ಮಾತಾಡದೆ ಮನೆಗೆ ಹೋಗುತ್ತಾರೆ, ನಾಡಿದ್ದು ಸರಿಯಾದ ಬಾಟ್ಲಿ ತರಬಹುದು. ಸಭೆ ಒಂದು ದಿನವೂ ಬಾಯಿ ಬಿಡುವುದಿಲ್ಲ. ಹೇಳಲೇಬೇಕಾ ಸ್ವಾಮಿ ಎಂದು ಕೇಳಿದಳು. ಒಳಗಿನಿಂದ ಈ ಸಲ ಏನೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ. ಮೂರು ತಿಂಗಳಿಂದ ಹೇಳಿದ್ದನ್ನು ಅವನು ಈಗ ಹಲ್ಲಿಗೆ ತಾಗುವ ಹಾಗೆ ಹೇಳಿದ್ದನಲ್ಲ. ಕಪ್ಪು ಬಟ್ಟೆ ಹೊದ್ದ ಶಿಲುಬೆಯನ್ನು ನೋಡಿದಳು. ಅಲ್ಲಿ ಎಲ್ಲರೆದುರು ಮಾನ ಬಿಟ್ಟು ನೇತಾಡಿದವನ ಮುಂದೆ ತನ್ನ ಮಾನ ಎಷ್ಟರದು ಎನಿಸಿತು.

ಎದ್ದು ನಿಂತಳು.

“ಅಯ್ನೋರೆ, ಅದು ದ್ರಾಕ್ಷಾರಸ ಅಲ್ಲ. ಹಂದಿ ಸಾರಿಗೆ ಹಾಕೋ ಕಾಚಂಪುಳಿ. ನಿಮ್ಮ ಊರ ಕಡೆ ಇಲ್ಲ, ನಿಮಗೆ ಗೊತ್ತಾಗ್ಲಿಲ್ಲ. ಇವರಿಗೆಲ್ಲ ಗೊತ್ತಾಗಿದೆ, ನನ್ನ ಮುಖ ನೋಡಿ ನುಂಗ್ಕೊಂಡಿದಾರೆ. ಕೊರೋನಾ ಬಂದಾಗಿನಿಂದ ನಂಗೆ ವಾಸನೆ ಗೊತ್ತಾಗಲ್ಲ. ನಾಲ್ಕು ವರ್ಷ ಮುಚ್ಚಿಟ್ಟೆ. ಬೆಳಿಗ್ಗೆ ಸೊಸೆ ಕೇಳಿದ್ಲು, ಅವಳ ಮುಂದೆ ಮೂಸಿದ ಹಾಗೆ ನಾಟಕ ಆಡಿದೆ. ಇದು ಕಣ್ತಪ್ಪಲ್ಲ, ಸೊಕ್ಕು. ಕರ್ತನ ಹತ್ರ ಕ್ಷಮೆ ಕೇಳ್ತೀನಿ, ನಿಮ್ಮೆಲ್ಲರ ಹತ್ರಾನೂ ಕೇಳ್ತೀನಿ. ಇನ್ನು ಮೈಸೂರಿನಿಂದಲೇ ತರಿಸಿ.”

ದೀಪಕ್ ಅಯ್ಯನವರು ಪಾತ್ರೆಯನ್ನು ನೋಡಿದರು, ಸಭೆಯನ್ನು ನೋಡಿದರು.

“ಎಲ್ಲರಿಗೂ ಗೊತ್ತಿತ್ತಾ?”

ಅಪ್ಪಯ್ಯ ಎದ್ದು, ಹಾಜರಿ ಕೂಗುವ ದನಿಯಲ್ಲೇ ಹೇಳಿದರು.

“ಅಯ್ನೋರೆ, ಬಾಯಿಗೆ ಹಾಕಿದಾಗ ನಿಲ್ಲಿಸಿ ಅಂತ ಹೇಳೋಣ ಅಂದ್ಕೊಂಡೆ. ಅರ್ಧ ಗಂಟೆ ಮುಂಚೆ ಇದೇ ಜಾಗದಲ್ಲಿ ನಾನೇ ನಿಂತು, ಅವನಿಗೆ ಹುಳಿ ಕೊಟ್ರು, ಅವನು ತಗೊಂಡ ಅಂತ ಹೇಳಿದ್ದೆ. ಈಗ ನಾನು ಉಗುಳೋದು ಹೇಗೆ? ಮೂವತ್ತು ವರ್ಷದಿಂದ ಐದನೇ ಮಾತು ಹೇಳ್ತಾ ಇದೀನಿ. ಅದು ಏನು ಅಂತ ನಂಗೂ ಇವತ್ತೇ ಗೊತ್ತಾದ್ದು.”

ಅಯ್ಯನವರು ಪಾತ್ರೆಗೆ ಬಟ್ಟೆ ಮುಚ್ಚಿದರು. ಶಿಸ್ತಿನ ಮನುಷ್ಯ. ಇದಕ್ಕೆ ಪುಸ್ತಕದಲ್ಲಿ ಯಾವ ನಿಯಮವಿದೆ ಎಂದು ಹುಡುಕುತ್ತಿದ್ದಿರಬೇಕು. ಆಮೇಲೆ ಕೆಳಗಿಳಿದು ಬಂದು ಕೆಂಚಮ್ಮನ ಎರಡೂ ಕೈ ಹಿಡಿದುಕೊಂಡರು.

“ಭಾನುವಾರ ಈಸ್ಟರ್. ಅವತ್ತು ಕುಡಿಯೋದಕ್ಕೆ ದ್ರಾಕ್ಷಾರಸ ಬೇಕು. ಮನೆಯಲ್ಲಿ ಇದೆಯಲ್ಲ?”

“ಅದೆ. ಆದ್ರೆ ನಾನು...”

“ಇನ್ನೊಬ್ಬರ ಹತ್ರ ಮೂಸಿಸಿ ತನ್ನಿ. ಅಷ್ಟೇ” ಎಂದರು. ಹಿಂದಿರುಗಿ ಹೋಗಿ ಆಶೀರ್ವಾದ ಹೇಳಿದರು. ಜನ ಒಂದು ಮಾತೂ ಆಡದೆ ಹೊರಟರು. ಹೋಗುವಾಗ ಚಿನ್ನ ಮಾತ್ರ ಕೆಂಚಮ್ಮನ ಭುಜವನ್ನು ಗಟ್ಟಿಯಾಗಿ ಅದುಮಿ ಹೋದಳು.

ಮನೆಯ ದಾರಿ ಕಾಫಿ ಗಿಡಗಳ ನಡುವೆ. ಆನಂದ್ ಮುಂದೆ ಹೋಗಿದ್ದ. ಅತ್ತೆ ಸೊಸೆ ಹಿಂದೆ ನಿಧಾನಕ್ಕೆ ನಡೆಯುತ್ತಿದ್ದರು. ಚರ್ಚು ಮರೆಯಾದ ಮೇಲೆ ಅನುಪಮಾ ಬಾಯಿ ತೆರೆದಳು.

“ನಂದೂ ತಪ್ಪು ಅದೆ ಅತ್ತೆ. ಹೋದ ವಾರ ಹಲಗೆ ಒರೆಸಿದ್ದು ನಾನೇ. ಬಾಟ್ಲಿ ಇಳಿಸಿ ಇಡುವಾಗ ಜಾಗ ಅದಲುಬದಲು ಆಗಿರ್ಬೇಕು. ಜಾಗದ ಮೇಲೆ ನಿಮ್ಮ ಗುರುತು ಅಂತ ನಂಗೆ ಗೊತ್ತಿರ್ಲಿಲ್ಲ.”

“ನೀನು ಹೇಗೆ ತಿಳ್ಕೋಬೇಕು? ನಾನು ಹೇಳಿದ್ರೆ ತಾನೆ.”

“ಮೂಗಿಂದು ಗೊತ್ತಿತ್ತು.”

ಕೆಂಚಮ್ಮ ನಿಂತಳು.

“ಹೋದ ವರ್ಷ ಗ್ಯಾಸ್ ಸೋರ್ತಾ ಇತ್ತು. ಹೊರಗಿನಿಂದ ಬಂದ ನಂಗೆ ಅಂಗಳದಲ್ಲೇ ಗೊತ್ತಾಯ್ತು. ನೀವು ಅದರ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲೀತಾ ಇದ್ರಿ. ಆವತ್ತಿಂದ ಗೊತ್ತು. ಬೆಳಿಗ್ಗೆ ನೀವು ಅಷ್ಟು ಜೋರಾಗಿ ಮೂಸಿದಾಗ, ಏನೋ ಸರಿಹೋಗಿರ್ಬೇಕು ಅಂದ್ಕೊಂಡೆ.”

“ಒಂದು ವರ್ಷ ಯಾಕೆ ಕೇಳ್ಲಿಲ್ಲ?”

“ನೀವೇ ಹೇಳ್ತೀರಿ ಅಂತ ಕಾದೆ.”

ಇದೇ ಹುಡುಗಿಗೆ ಮೂಗಿಲ್ಲ ಎಂದು ಹಂಗಿಸುತ್ತ ಬಂದದ್ದು ನೆನಪಾಗಿ ಕೆಂಚಮ್ಮನಿಗೆ ನಾಚಿಕೆಯಾಯಿತು. ಆದರೂ ಒಳಗೆ ಏನೋ ಸಡಿಲವಾಗಿತ್ತು. ಇನ್ನು ನೆನಪಿಟ್ಟುಕೊಳ್ಳಬೇಕಾದ ಜಾಗಗಳಿಲ್ಲ, ಆಡಬೇಕಾದ ನಾಟಕವಿಲ್ಲ. ಪಕ್ಕದ ಗಿಡದಿಂದ ಒಂದು ಗೊಂಚಲು ಹೂವು ಬಗ್ಗಿಸಿ ಹಿಡಿದಳು.

“ಅನು, ಇದರ ವಾಸನೆ ಹೇಗದೆ ಹೇಳು.”

ಅನುಪಮಾ ಬಗ್ಗಿ ಮೂಸಿದಳು. “ಮಲ್ಲಿಗೆ ಥರ. ಅಷ್ಟು ಮತ್ತು ಬರಲ್ಲ. ಸ್ವಲ್ಪ ಜೇನು ಸೇರಿದ ಹಾಗೆ. ಒದ್ದೆ ಮಣ್ಣಿಂದು ಹಿಂದುಗಡೆ ಅದೆ.”

“ಹೌದು, ಹಾಗೇ” ಎಂದಳು ಕೆಂಚಮ್ಮ. ನಾಲ್ಕು ವರ್ಷದ ಮೇಲೆ ಅದು ಅವಳಿಗೆ ಪೂರ್ತಿ ನೆನಪಾಯಿತು. ಹೂವು ಬಿಟ್ಟು, ಸೊಸೆಯ ಕೈ ಹಿಡಿದು ನಡೆದಳು. “ಬರೋ ಜನವರಿಗೆ ದ್ರಾಕ್ಷಿ ನೀನೇ ಆರ್ಸು, ನೀನೇ ಹಿಂಡು. ನಾನು ಪಕ್ಕದಲ್ಲಿ ಕೂತು ಬಟ್ಟೆ ಹಿಡೀತೀನಿ. ಹಿಂಡುವಾಗ ಯಾರನ್ನ ನೆನೆಸ್ಕೋಬೇಕು ಅಂತ ಗೊತ್ತುಂಟಲ್ಲ?”

“ಗೊತ್ತುಂಟು ಅತ್ತೆ.”

ಈಸ್ಟರ್ ಬೆಳಿಗ್ಗೆ ಅನುಪಮಾ ಹಲಗೆಯಿಂದ ಬಾಟ್ಲಿ ಇಳಿಸಿ, ಬಿರಡೆ ತೆಗೆದು ಮೂಸಿ, ತಲೆಯಾಡಿಸಿದಳು. ಮೇಜಿನವರೆಗೆ ಅವಳೇ ಹೊತ್ತುಕೊಂಡು ಹೋದಳು. ಕೆಂಚಮ್ಮ ಬೆಂಚಿನಲ್ಲೇ ಕೂತು ನೋಡಿದಳು. ಬಾಟ್ಲಿಯಿಲ್ಲದ ಮಡಿಲು ಮೊದಲು ಖಾಲಿ ಖಾಲಿ ಎನಿಸಿತು, ಆಮೇಲೆ ಕೈಗಳು ತಾವಾಗಿಯೇ ಜೋಡಿಸಿಕೊಂಡವು. ದೀಪಕ್ ಅಯ್ಯನವರು ಬಗ್ಗಿಸುವ ಮುಂಚೆ ತಾವೂ ಒಮ್ಮೆ ಮೂಸಿ ನೋಡಿದ್ದನ್ನು ಕಂಡು ಸಭೆ ತುಟಿ ಬಿಗಿಹಿಡಿದು ನಕ್ಕಿತು. ಮಧ್ಯಾಹ್ನದ ಹಂದಿ ಸಾರಿಗೆ ಆ ವರ್ಷ ನಿಂಬೆಹುಳಿಯೇ ಗತಿಯಾಯಿತು, ಅದಕ್ಕೂ ಯಾರೂ ತಕರಾರು ಮಾಡಲಿಲ್ಲ.

ಕಡೆಯವಳಾಗಿ ಕುಡಿಯುವ ಸರದಿ ಈಗ ಅನುಪಮಾಳದು. ಅವಳಿಗಿಂತ ಮುಂಚೆ ಕೆಂಚಮ್ಮ ಮಂಡಿಯೂರಿ ಪಾತ್ರೆಗೆ ತುಟಿಯಿಟ್ಟಳು. ದ್ರಾಕ್ಷಿಯ ಘಮ ಅವಳಿಗೆ ಬರಲಿಲ್ಲ. ಶುಕ್ರವಾರದ ಹುಳಿ ಮಾತ್ರ ಹಲ್ಲಿನ ಬುಡದಲ್ಲಿ ಇನ್ನೂ ಸಣ್ಣಗೆ ಜುಮ್ಮೆನ್ನುತ್ತಿತ್ತು. ಇದೊಂದು ಹೋಗುವುದು ಬೇಡ ಸ್ವಾಮಿ ಎಂದು ಕೇಳಿಕೊಂಡು ಅವಳು ಎದ್ದಳು.